ಎಸ್ಕಾಲ್ ರೇಡಿಯೋದ ಒಂದು ಶುಕ್ರವಾರ

ಅಲ್ ಗರಾಫಾ, ದೋಹಾ
17 ಜನವರಿ 2025

ರೆಜಿನಾ ಬಾಯಿಯವರಿಗೆ ಸೀನಪ್ಪನ ನಮಸ್ಕಾರ.

ಐದು ವರ್ಷ ಆಗುತ್ತ ಬಂತು, ಈಗ ಯಾಕೆ ಇವನ ಕಾಗದ ಎಂದು ನಿಮಗೆ ಅನ್ನಿಸಬಹುದು. ನಿಮ್ಮ ಹಳೆಯ ನಂಬರಿಗೆ ಮಾಡಿ ನೋಡಿದೆ, ಅದು ಬೇರೆ ಯಾರದೋ ಆಗಿದೆ. ಶಿರ್ವದ ವ್ಯಾಲೆಂಟೈನ್ ರಜೆಗೆ ಹೊರಟಿದ್ದಾರೆ. ನಿಮ್ಮ ಅಕ್ಕ ಜೋಆನ್ ಅವರ ಮನೆ ಗೊತ್ತು ಎಂದರು. ಹಾಗೆ ಅವರ ಕೈಯಲ್ಲಿ ಕೊಡುತ್ತಿದ್ದೇನೆ.

ನಮ್ಮ ಎಸ್ಕಾಲ್ ರೇಡಿಯೋ ಜೂನ್ ಕೊನೆಗೆ ಮುಚ್ಚುತ್ತದೆ. ವಿಶ್ವಕಪ್ ಮುಗಿದ ಮೇಲೆ ಕ್ಯಾಮರೂನಿನವರು, ಐವರಿ ಕೋಸ್ಟಿನವರು, ಟೋಗೊದವರು ಕೆಲಸ ಖಲಾಸ್ ಆಗಿ ಒಬ್ಬೊಬ್ಬರೇ ಹೊರಟರು. ಉಳಿದವರಿಗೆ ಊರಿನ ಸುದ್ದಿ ಫೋನಿನಲ್ಲೇ ಸಿಗುತ್ತದೆ. ಫ್ರೆಂಚ್ ಮಾತಾಡುವ ನಾಲ್ಕು ಜನ ಕೇಳಲಿ ಎಂದು ಒಂದು ರೇಡಿಯೋ ಬೇಕು ಎಂದು ಈಗ ಯಾರಿಗೂ ಅನ್ನಿಸುವುದಿಲ್ಲ. ಹೋದ ವಾರ ಎರಡು ಗಂಟೆಯ ಕಾರ್ಯಕ್ರಮವನ್ನು ಹನ್ನೊಂದು ಜನ ಕೇಳಿದ್ದರು. ಅದರಲ್ಲಿ ಒಬ್ಬ ನಾನು.

ಹೊಸ ಡೈರೆಕ್ಟರ್ ನದೀನ್ ಮೇಡಂ, ಲೆಬನಾನಿನವರು, ಮುಚ್ಚುವ ಮೊದಲು ಒಂದು ಸ್ಮರಣ ಪುಸ್ತಕ ತರಬೇಕೆಂದು ಹೊರಟಿದ್ದಾರೆ. ಶುರುವಿನಿಂದ ಇರುವವನು ನೀನೊಬ್ಬನೇ, ಇತಿಹಾಸ ನೀನೇ ಬರೆ ಎಂದರು. ನಾನು ಕಿನ್ನಿಗೋಳಿಯಲ್ಲಿ ಮೈಕ್ ಸೆಟ್ಟಿನ ಅಂಗಡಿಯಲ್ಲಿ ವಯರು ಸುತ್ತಿದವನು. ಹದಿನೈದು ವರ್ಷ ಫ್ರೆಂಚ್ ರೇಡಿಯೋದಲ್ಲಿ ಕೂತರೂ ಬೊಂಜೂರ್, ಮೆರ್ಸಿ ಬಿಟ್ಟು ಬೇರೆ ಕಲಿಯಲಿಲ್ಲ. ಅರ್ಥ ಗೊತ್ತಿಲ್ಲದಿದ್ದರೂ ದನಿ ಗೊತ್ತು. ಯಾರಿಗೆ ನೆಗಡಿ, ಯಾರು ಅತ್ತು ಬಂದು ಕೂತಿದ್ದಾರೆ, ಅದು ಹೆಡ್‌ಫೋನಿನಲ್ಲಿ ಕೇಳುತ್ತದೆ. ಅಷ್ಟರಿಂದ ಇತಿಹಾಸ ಬರೆಯಲು ಆಗುತ್ತದೆಯೇ? ಕನ್ನಡದಲ್ಲಿ ಬರೆದು ನಮ್ಮ ಆಫೀಸಿನ ಜೇಕಬನಿಗೆ ಹೇಳುತ್ತೇನೆ, ಅವನು ಇಂಗ್ಲಿಷ್ ಮಾಡುತ್ತಾನೆ, ಅಲ್ಲಿಂದ ಅವರು ಫ್ರೆಂಚ್ ಮಾಡಿಕೊಳ್ಳುತ್ತಾರಂತೆ.

ಬಕಾರಿ ಸಾಹೇಬರು ತಮ್ಮ ವಿಲ್ಲಾದ ಹಿಂದಿನ ಕೋಣೆಯಲ್ಲಿ ಶುರು ಮಾಡಿದ್ದು, ಗೋಡೆಗೆ ನಾನು ಕಂಬಳಿ ಹೊಡೆದದ್ದು ನೆನಪಿದೆ. ಆದರೆ ಯಾವ ಕಾರ್ಯಕ್ರಮ ಯಾವಾಗ ಬಂತು, ಯಾರು ಏನು ಹೇಳಿದರು, ಅದು ನಿಮಗೇ ಗೊತ್ತು. ಒಂದೆರಡು ಪುಟ ಬರೆದು ಕಳಿಸಿದರೆ ಉಪಕಾರ. ನೀವು ಇಲ್ಲಿದ್ದ ಕೊನೆಯ ದಿನಗಳ ವಿಷಯ ಬೇಡ. ಅದನ್ನು ನಾನೂ ಬರೆಯುವುದಿಲ್ಲ.

ಇತಿ, ಸೀನಪ್ಪ


ಶಿರ್ವ
9 ಫೆಬ್ರವರಿ 2025

ಸೀನಣ್ಣನವರಿಗೆ,

ಕಾಗದ ತಲುಪಿತು. ಬಕಾರಿ ಸಾಹೇಬರು ಊರಿಗೆ ಹೋಗಿ ತೀರಿಕೊಂಡರೆಂದು ವ್ಯಾಲೆಂಟೈನ್ ಹೇಳಿ ಗೊತ್ತಾಯಿತು. ಅವರ ಆತ್ಮಕ್ಕೆ ಶಾಂತಿ ಸಿಗಲಿ.

ಕೇಳಿದ್ದಕ್ಕೆ ಉತ್ತರ. ರೇಡಿಯೋ ಶುರುವಾದದ್ದು 2010ರ ಅಕ್ಟೋಬರ್. ಎಸ್ಕಾಲ್ ಎಂದರೆ ಹಡಗು ನಡುದಾರಿಯಲ್ಲಿ ತಂಗುವ ಬಂದರು. ಇಲ್ಲಿಗೆ ಬಂದವರೆಲ್ಲ ತಂಗಿದವರು, ಯಾರೂ ಇಳಿದವರಲ್ಲ ಎಂದು ಬಕಾರಿ ಸಾಹೇಬರೇ ಹೆಸರಿಟ್ಟರು. ನಾನು ಸೇರಿದ್ದು ಮರುವರ್ಷ, ಟೈಪಿಂಗ್ ಕೆಲಸಕ್ಕೆ. ಮಂಗಳೂರಿನಲ್ಲಿ ಸಿಸ್ಟರುಗಳ ಹತ್ತಿರ ಕಲಿತ ಫ್ರೆಂಚ್ ಕೇಳಿ ಅವರು, ಈ ಹೆಂಗಸು ಪುಸ್ತಕದ ಹಾಗೆ ಮಾತಾಡುತ್ತಾಳೆ, ಮೈಕಿನ ಮುಂದೆ ಕೂರಿಸಿ ಎಂದರು. ಶುಕ್ರವಾರ ಬೆಳಗಿನ 'ಊರಿಗೆ ಒಂದು ಮಾತು' ಶುರುವಾದದ್ದು 2012ರಲ್ಲಿ. ಸೆಕ್ಯುರಿಟಿಯವರು, ಡ್ರೈವರುಗಳು, ಮನೆಕೆಲಸದವರು ಚೀಟಿಯಲ್ಲಿ ಬರೆದು ಕೊಟ್ಟದ್ದನ್ನು ನಾನು ಓದುವುದು, ಅಲ್ಲಿ ಅವರ ಮನೆಯವರು ಅಕ್ಕಪಕ್ಕದವರ ಫೋನಿನಲ್ಲಿ ಇಂಟರ್ನೆಟ್ ಹಾಕಿ ಕೇಳುವುದು. ಸಾವಿನ ಸುದ್ದಿಗಳನ್ನೂ ಅದರಲ್ಲೇ ಓದಲು ಶುರು ಮಾಡಿದ್ದು 2014ರಲ್ಲಿ. ನಾನು ಬೇಡ ಎಂದಿದ್ದೆ.

ನನ್ನ ಹೆಸರು ಪುಸ್ತಕದಲ್ಲಿ ಹಾಕಬೇಡಿ. ಕೊನೆಯ ದಿನಗಳ ವಿಷಯ ಬೇಡ ಎಂದು ನೀವು ಬರೆದದ್ದು ನನ್ನ ಮೇಲಿನ ಕರುಣೆಯಿಂದ ಎಂದು ಗೊತ್ತು. ಅಂದೂ ಹಾಗೆಯೇ. ಮೀಟಿಂಗಿನಲ್ಲಿ ಎಲ್ಲರೂ ಒಂದೊಂದು ಪ್ರಶ್ನೆ ಕೇಳಿದರು. ನೀವೊಬ್ಬರೇ ಏನೂ ಕೇಳದೆ ತಲೆ ತಗ್ಗಿಸಿ ಕೂತಿದ್ದಿರಿ. ಆ ಉಪಕಾರ ಮರೆತಿಲ್ಲ.

ನಾನು ಇಲ್ಲಿ ಶಾಲೆಯ ಆಫೀಸಿನಲ್ಲಿದ್ದೇನೆ. ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತೀರಾ ಎಂದು ಹೆಡ್ ಮಿಸ್ಟ್ರೆಸ್ ಎರಡು ಸಲ ಕೇಳಿದರು. ಮರೆತುಹೋಗಿದೆ ಎಂದೆ.

ರೆಜಿನಾ


ಅಲ್ ಗರಾಫಾ
2 ಮಾರ್ಚ್ 2025

ರೆಜಿನಾ ಬಾಯಿಯವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಇಸವಿಗಳೆಲ್ಲ ಸರಿಯಾಗಿ ಸಿಕ್ಕಿದವು. ನದೀನ್ ಮೇಡಂ ಖುಷಿಯಾಗಿದ್ದಾರೆ.

ಏಳು ಪುಟ ಆಯಿತು. ಎ.ಸಿ. ಶಬ್ದ ಮೈಕಿಗೆ ಬರುತ್ತದೆಂದು ಆಗಸ್ಟ್ ತಿಂಗಳಲ್ಲಿ ಅದನ್ನು ಆಫ್ ಮಾಡಿ ನೀವು ಒದ್ದೆ ಟವೆಲ್ ಕುತ್ತಿಗೆಗೆ ಸುತ್ತಿಕೊಂಡು ಓದುತ್ತಿದ್ದದ್ದು ಬರೆದೆ. ಟುನೀಷಿಯಾದ ಮುದುಕರೊಬ್ಬರು ಪ್ರತಿ ವಾರ ಬಂದು, ಹೆಂಡತಿ ಜೊತೆ ಜಗಳ ಮುಗಿದಿಲ್ಲ, ಇನ್ನೊಂದು ವಾರ ಓದಿ ಎನ್ನುತ್ತಿದ್ದದ್ದೂ ಬರೆದೆ. ನಿಮ್ಮ ಹೆಸರಿಲ್ಲದೆ ಇದನ್ನೆಲ್ಲ ಹೇಗೆ ಬರೆಯಲಿ? ಒಬ್ಬ ಹೆಂಗಸು ಎಂದು ಬರೆದರೆ ನಗುತ್ತಾರೆ.

ನಾನು ಕರುಣೆಯಿಂದ ಸುಮ್ಮನಿದ್ದೆ ಎಂದು ಬರೆದಿದ್ದೀರಿ. ಅದು ಓದಿದ ಮೇಲೆ ಎರಡು ದಿನ ಪೆನ್ನು ಹಿಡಿಯಲಿಲ್ಲ. ಮೈಯಲ್ಲಿ ಹುಷಾರಿಲ್ಲ, ಸಕ್ಕರೆ ಏರುಪೇರಾಗಿದೆ, ಅದೂ ಇರಬಹುದು.

ಒಂದು ಕೇಳಲಾ? ಕೊರೋನಾದ ಆ ವಾರ ನೀವು ಮನೆಯಿಂದ ರೆಕಾರ್ಡ್ ಮಾಡಿ ಕಳಿಸಿದ್ದಿರಿ. ನಿಮಗೆ ಜ್ವರ ಇತ್ತು. ಓದಿದ್ದು ನಿಮಗೆ ಸರಿಯಾಗಿ ನೆನಪಿದೆಯಾ? ಅಷ್ಟು ಗಡಿಬಿಡಿಯಲ್ಲಿ ಯಾರದು ತಪ್ಪು ಎಂದು ಈಗ ಯಾರು ಹೇಳಬಹುದು? ಸುಮ್ಮನೆ ಕೇಳಿದೆ.

ಸೀನಪ್ಪ


ಶಿರ್ವ
25 ಮಾರ್ಚ್ 2025

ಸೀನಣ್ಣ,

ಸುಮ್ಮನೆ ಕೇಳುವ ವಿಷಯವಲ್ಲ ಅದು.

ನೆನಪಿದೆಯಾ ಎಂದು ಕೇಳಿದಿರಿ. ನೆನಪಿಲ್ಲ, ಅದೇ ನನ್ನ ಕಷ್ಟ. ನೂರಾ ಎರಡು ಜ್ವರ. ಕೋಣೆಯಿಂದ ಹೊರಗೆ ಬರುವ ಹಾಗಿಲ್ಲ. ಫೋನನ್ನು ದಿಂಬಿನ ಮೇಲಿಟ್ಟು ಓದಿದೆ. ಟೋಗೊದ ಇಬ್ಬರ ಚೀಟಿ ಇತ್ತು, ಇಬ್ಬರ ಹೆಸರೂ ಕೋಫಿ ಅಗ್ಬೆಕೊ. ಅವರಲ್ಲಿ ಶುಕ್ರವಾರ ಹುಟ್ಟಿದ ಗಂಡಸರಿಗೆಲ್ಲ ಕೋಫಿ ಎಂದೇ ಹೆಸರು. ಒಬ್ಬ ಪಾಲಿಮೆ ಊರಿನವನು, ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಇನ್ನೊಬ್ಬ ಅನೆಹೊದವನು, ಕ್ವಾರಂಟೈನಿನಲ್ಲಿದ್ದ, ಅವನ ಚೀಟಿಯಲ್ಲಿ 'ಅಮ್ಮ, ಚೆನ್ನಾಗಿದ್ದೇನೆ' ಎಂದಿತ್ತು. ಓದಿ ಕಳಿಸಿ ಮಲಗಿದೆ. ಎದ್ದಾಗ ರೇಡಿಯೋದಲ್ಲಿ ಸತ್ತವನು ಚೆನ್ನಾಗಿದ್ದ, ಚೆನ್ನಾಗಿದ್ದವನು ಸತ್ತಿದ್ದ.

ಮೀಟಿಂಗಿನಲ್ಲಿ ಅದನ್ನು ಹಾಕಿ ಕೇಳಿಸಿದರಲ್ಲ. ನನ್ನದೇ ದನಿ. ಕೋಫಿ ಅಗ್ಬೆಕೊ, ಅನೆಹೊ, ಮಂಗಳವಾರ ತೀರಿಕೊಂಡರು. ನನ್ನ ಬಾಯಲ್ಲೇ ಬಂದದ್ದನ್ನು ನಾನು ಅಲ್ಲ ಎನ್ನುವುದು ಹೇಗೆ? ಕಳಿಸಿದ ಮೇಲೆ ಫೋನಿನಲ್ಲಿ ಉಳಿಸಿಕೊಳ್ಳುವ ಅಭ್ಯಾಸ ನನಗಿರಲಿಲ್ಲ.

ಅನೆಹೊದ ತಾಯಿ ಒಂಬತ್ತು ದಿನ ಮಗ ಸತ್ತನೆಂದು ಕೂತಳು. ಹತ್ತನೇ ದಿನ ಅವನ ಫೋನು ಹೋಗುವಷ್ಟರಲ್ಲಿ ಅವಳ ಮೈಯ ಒಂದು ಬದಿ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಮರುವರ್ಷ ತೀರಿಕೊಂಡಳು ಎಂದು ಯಾರೋ ಬರೆದಿದ್ದರು. ಪಾಲಿಮೆಯಲ್ಲಿ ಇನ್ನೊಂದು ತಾಯಿ ಅದೇ ಒಂಬತ್ತು ದಿನ ನೆರೆಯವರಿಗೆಲ್ಲ ಮಗ ಚೆನ್ನಾಗಿದ್ದಾನೆ ಎಂದು ಹೇಳಿಕೊಂಡು ತಿರುಗಿದಳು. ನನಗೆ ಎರಡನೆಯದೇ ಹೆಚ್ಚು ನೆನಪಾಗುತ್ತದೆ.

ಇಗರ್ಜಿಯಲ್ಲಿ ವಾಚನ ಓದಲು ಪಾದ್ರಿಗಳು ಕರೆದರೆ ಗಂಟಲು ಸರಿಯಿಲ್ಲ ಎನ್ನುತ್ತೇನೆ. ಐದು ವರ್ಷದಿಂದ ಗಂಟಲು ಸರಿಯಿಲ್ಲದ ಹೆಂಗಸು ನಾನು. ನಾಲ್ಕು ಜನರ ಮುಂದೆ ಗಟ್ಟಿಯಾಗಿ ಒಂದು ಹೆಸರು ಓದಲು ನನ್ನಿಂದಾಗುವುದಿಲ್ಲ.

ನಿಮಗೆ ಎಂತ ಬೇಕು ಸೀನಣ್ಣ? ಬರೆಯುವುದಾದರೆ ಸರಿಯಾಗಿ ಬರೆಯಿರಿ. ಇಲ್ಲದಿದ್ದರೆ ನನ್ನನ್ನು ಬಿಡಿ.

ರೆಜಿನಾ


ಅಲ್ ಗರಾಫಾ
11 ಏಪ್ರಿಲ್ 2025

ರೆಜಿನಾ ಬಾಯಿ,

ಸರಿಯಾಗಿಯೇ ಬರೆಯುತ್ತೇನೆ. ನೀವು ತಪ್ಪು ಓದಲಿಲ್ಲ. ತಪ್ಪು ನನ್ನದು.

ನೀವು ಯಾವಾಗಲೂ ಎರಡು ತುಂಡು ಮಾಡಿ ಕಳಿಸುತ್ತಿದ್ದಿರಿ. ಹೆಸರು ಮತ್ತು ಊರು ಒಂದು ತುಂಡು, ಸುದ್ದಿ ಇನ್ನೊಂದು. ನಡುವೆ ಸಂಗೀತ ಇಟ್ಟು ಜೋಡಿಸುವುದು ನನ್ನ ಕೆಲಸ. ಆ ದಿನ ಸ್ಟೇಷನ್ನಿನಲ್ಲಿ ನಾನೊಬ್ಬನೇ. ನೀವು ಕಳಿಸಿದ ತುಂಡುಗಳಿಗೆ ಕೋಫಿ ಒಂದು, ಕೋಫಿ ಎರಡು ಎಂದು ನಾನು ಹೆಸರು ಕೊಟ್ಟೆ. ಒಂದರ ಹೆಸರಿಗೆ ಎರಡರ ಸುದ್ದಿ ಜೋಡಿಸಿದೆ. ಅರ್ಥ ಗೊತ್ತಿದ್ದರೆ ಕಿವಿಗೆ ಬೀಳುತ್ತಿತ್ತು. ನನಗೆ ಎರಡೂ ಒಂದೇ ಥರ ಕೇಳಿತು. ನೀವು ಎರಡನ್ನೂ ಒಂದೇ ಸಣ್ಣ ದನಿಯಲ್ಲಿ ಓದಿದ್ದಿರಿ, ಜ್ವರಕ್ಕೆ.

ಅನೆಹೊದಿಂದ ಫೋನು ಬಂದ ದಿನವೇ ಕಂಪ್ಯೂಟರ್ ತೆಗೆದು ನೋಡಿದೆ. ತುಂಡುಗಳು ಬಂದ ಕ್ರಮ ನೋಡಿದ ಕೂಡಲೇ ತಿಳಿಯಿತು. ಇಲ್ಲಿ ಇರಲು ಬೇಕಾದ ನನ್ನ ಐಡಿ ರಿನ್ಯೂವಲಿಗೆ ಹೋಗಿತ್ತು, ಮಗಳು ಅಶ್ವಿತಾಳ ನರ್ಸಿಂಗ್ ಮುಗಿಯಲು ಒಂದು ವರ್ಷ ಇತ್ತು. ಆದರೆ ಅದು ಕಾರಣ ಎಂದು ಬರೆದರೆ ಪೂರ್ತಿ ನಿಜವಲ್ಲ. ಮೊದಲ ದಿನ ಹೆದರಿ ಹೇಳಲಿಲ್ಲ. ಎರಡನೇ ದಿನ ಹೇಳಬೇಕಾದರೆ ಮೊದಲ ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗಿತ್ತು. ಮೀಟಿಂಗಿನ ದಿನ ನೀವು ಎದ್ದು ನಿಂತು ತಪ್ಪು ನನ್ನದೇ ಎಂದಿರಿ. ನಾನು ತಲೆ ತಗ್ಗಿಸಿದ್ದು ಕರುಣೆಯಿಂದ ಅಲ್ಲ. ನಿಮ್ಮ ಮುಖ ನೋಡಲು ಆಗಲಿಲ್ಲ. ಮಾಸ್ಕಿನ ಒಳಗೆ ಉಸಿರು ಬಿಟ್ಟೆ. ಬಚಾವಾದೆ ಎಂದು ಬಿಟ್ಟ ಉಸಿರು ಅದು.

ನೀವು ಕಳಿಸಿದ ತುಂಡುಗಳನ್ನು ಅಳಿಸಲು ಹೋಗಿ ಕೈ ಬರಲಿಲ್ಲ. ಇದರ ಜೊತೆ ಒಂದು ಪೆನ್ ಡ್ರೈವ್ ಇದೆ. ಅಕ್ಕನ ಮನೆಯ ಕಂಪ್ಯೂಟರಿಗೆ ಹಾಕಿ ಕೇಳಿ. ನೀವು ಓದಿದ್ದೆಲ್ಲ ಸರಿಯಾಗಿದೆ.

ಇದನ್ನು ಇತಿಹಾಸದಲ್ಲಿ ಬರೆದಿದ್ದೇನೆ. ಕ್ಷಮಿಸಿ ಎಂದು ಕೇಳಲು ನನಗೆ ಮುಖವಿಲ್ಲ. ಉತ್ತರ ಬರೆಯದಿದ್ದರೂ ನಾನು ಬೇಜಾರು ಮಾಡುವುದಿಲ್ಲ.

ಸೀನಪ್ಪ


ಅಲ್ ಗರಾಫಾ
20 ಜೂನ್ 2025

ರೆಜಿನಾ ಬಾಯಿಯವರಿಗೆ,

ಎರಡು ತಿಂಗಳು ಕಳೆಯಿತು. ಕಾಗದ ತಲುಪಿದೆ, ನಿಮ್ಮ ಕೈಗೇ ಕೊಟ್ಟೆ ಎಂದು ತಂದುಕೊಟ್ಟ ಬ್ರಯನ್ ಹೇಳಿದ. ಬೇಜಾರು ಮಾಡುವುದಿಲ್ಲ ಎಂದು ಬರೆದಿದ್ದೆ, ಆದರೂ ಊರಿನಿಂದ ಯಾರು ಬಂದರೂ ಅವರ ಕೈ ನೋಡುತ್ತೇನೆ. ನಿಮಗೆ ತೊಂದರೆ ಕೊಡಲು ಅಲ್ಲ, ಎರಡು ಸುದ್ದಿ ಹೇಳಲು ಬರೆಯುತ್ತಿದ್ದೇನೆ.

ಒಂದು, ಪುಸ್ತಕದ್ದು. ಹದಿಮೂರು ಪುಟ ಬರೆದು ಕೊಟ್ಟೆ. ಜೇಕಬ್ ಇಂಗ್ಲಿಷ್ ಮಾಡುವಾಗ ಹನ್ನೆರಡನೇ ಪುಟದಲ್ಲಿ ನಿಲ್ಲಿಸಿ ಚಾ ಕುಡಿಯಲು ಹೋದವನು ಒಂದು ಗಂಟೆ ಬರಲಿಲ್ಲ. ನದೀನ್ ಮೇಡಂ ಓದಿ, ಇದು ಬೀಳ್ಕೊಡುಗೆಯ ಪುಸ್ತಕ, ಈ ಒಂದು ಪುಟ ತೆಗೆಯೋಣ ಎಂದರು. ನಾನು ಆಗುವುದಿಲ್ಲ ಎಂದೆ. ಹದಿನೈದು ವರ್ಷದಲ್ಲಿ ಆ ಆಫೀಸಿನಲ್ಲಿ ನಾನು ಆಗುವುದಿಲ್ಲ ಎಂದದ್ದು ಅದೇ ಮೊದಲು. ಅವರು ಕೆಟ್ಟವರಲ್ಲ. ಯೋಚನೆ ಮಾಡಿ, ಇತಿಹಾಸವೇ ಬೇಡ, ಬರೀ ಫೋಟೋ ಹಾಕೋಣ ಎಂದರು. ಹಾಗೆಯೇ ಆಯಿತು. ನೀವು ಮೈಕಿನ ಮುಂದೆ ಕೂತ ಫೋಟೋ ನಾಲ್ಕನೇ ಪುಟದಲ್ಲಿದೆ. ನಿಮ್ಮ ಹೆಸರು ಹಾಕಿಸಿದ್ದೇನೆ, ನೀವು ಬೇಡ ಎಂದಿದ್ದರೂ. ಆದರೆ ಅಂದು ಮೀಟಿಂಗಿನಲ್ಲಿದ್ದ ಹಳೆಯ ಕಮಿಟಿಯವರಲ್ಲಿ ಇಲ್ಲೇ ಇರುವ ಮೂವರನ್ನು ಕೂರಿಸಿ ನಡೆದದ್ದನ್ನು ಬಾಯಿ ಬಿಟ್ಟು ಹೇಳಿದೆ. ಒಬ್ಬರು ಎದ್ದು ಹೋದರು. ಇಬ್ಬರು ಕೂತಿದ್ದರು.

ಇನ್ನೊಂದು, ಕೋಫಿಯನ್ನು ಹುಡುಕಿದೆ. ಅನೆಹೊದ ಕೋಫಿ. ಅಲ್ ಥುಮಾಮಾದಲ್ಲಿ ಒಂದು ಅಪಾರ್ಟ್‌ಮೆಂಟಿನ ಸೆಕ್ಯುರಿಟಿ. ಶನಿವಾರ ಮಧ್ಯಾಹ್ನ ಹೋದೆ. ಹೊರಗೆ ನಿಲ್ಲಲಾಗದ ಬಿಸಿಲು, ಅವನ ಗ್ಲಾಸಿನ ಕೋಣೆಯಲ್ಲಿ ಒಂದೇ ಕುರ್ಚಿ. ಅದರಲ್ಲಿ ನನ್ನನ್ನು ಕೂರಿಸಿ ಅವನು ನಿಂತ. ಅವನ ಹಿಂದಿ, ನನ್ನ ಇಂಗ್ಲಿಷ್, ಎರಡೂ ಅರ್ಧರ್ಧ. ಹೇಳಬೇಕಾದ್ದನ್ನು ಬರೆದುಕೊಂಡು ಹೋಗಿದ್ದೆ, ಕೊನೆಗೆ ಚೀಟಿ ನೋಡದೆಯೇ ಹೇಳಿದೆ.

ಎರಡು ಕಾರು ಬಂದವು, ಅವನು ಹೋಗಿ ಗೇಟು ತೆಗೆದು ಬಂದ. ಆಮೇಲೆ ನನ್ನನ್ನು ಕೇಳಿದ, "ಆ ಮದಾಮ್ ಅಲ್ವಾ?"

"ಅಲ್ಲ, ನಾನು," ಎಂದೆ.

"ಐದು ವರ್ಷ ನಾನು ಅವರ ಹೆಸರು ಹೇಳಿ ಶಾಪ ಹಾಕಿದ್ದೇನೆ. ದಿನಾ. ಈಗ ಅದು ಎಂತ ಮಾಡುವುದು?"

ಅವನು ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊರಡುವಾಗ ಅವನು ನನ್ನ ಕೈ ಮುಟ್ಟಲಿಲ್ಲ. ಆದರೆ ನಿಮಗೆ ಒಂದು ಮಾತು ತಲುಪಿಸಬೇಕು ಎಂದ. ಫ್ರೆಂಚಿನಲ್ಲಿ ಹೇಳಿದ, ಇಂಗ್ಲಿಷಿನಲ್ಲಿ ಹೇಳಲು ಒಪ್ಪಲಿಲ್ಲ. ನಿಧಾನ ಹೇಳು ಎಂದು ನಾಲ್ಕು ಸಲ ಹೇಳಿಸಿ ನನ್ನ ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆದುಕೊಂಡೆ, ಮತ್ತೆ ಅವನಿಗೇ ಓದಿ ತೋರಿಸಿದೆ. ಈ ಸಲ ಗಡಿಬಿಡಿ ಮಾಡಲಿಲ್ಲ. ಹೀಗಿದೆ:

ಮದಾಮ್, ಸ ನೆತೆ ಪಾ ವೂ. ಜ ವೂಜೆ ಮೋದಿತ್. ಜ ರತೀರ್ ಮೆ ಪರೋಲ್. ಮ ಮೇರ್ ಎಮೆ ವೋತ್ರ್ ವ್ವಾ.

ಅರ್ಥ ಏನೆಂದು ಯಾರ ಹತ್ತಿರವೂ ಕೇಳಲಿಲ್ಲ. ಅದು ನಿಮಗೆ ಹೇಳಿದ್ದು.

ನಾನು ಜುಲೈ ಕೊನೆಗೆ ಊರಿಗೆ ಬರುತ್ತೇನೆ, ಇನ್ನು ಇಲ್ಲಿಗೆ ತಿರುಗಿ ಬರುವುದಿಲ್ಲ. ಯಾರೂ ಬೇಡ ಎಂದ ಆ ಹದಿಮೂರು ಪುಟ ಇದರ ಜೊತೆ ಇಟ್ಟಿದ್ದೇನೆ. ಇಟ್ಟುಕೊಳ್ಳಿ, ಇಲ್ಲವಾದರೆ ಒಲೆಗೆ ಹಾಕಿ.

ಸೀನಪ್ಪ


ಶಿರ್ವ
12 ಜುಲೈ 2025

ಸೀನಣ್ಣ,

ಪೆನ್ ಡ್ರೈವನ್ನು ಏಪ್ರಿಲಿನಲ್ಲೇ ಕೇಳಿದೆ. ಜೋಆನ್ ಪಕ್ಕದಲ್ಲಿ ಕೂತಿದ್ದಳು. ಅವಳಿಗೆ ಫ್ರೆಂಚ್ ಬರುವುದಿಲ್ಲ, ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಮೊದಲು ಸಂತೋಷ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಎರಡು ದಿನ ಮೈ ಪೂರಾ ಸೋತ ಹಾಗೆ ಮಲಗಿದೆ, ಶಾಲೆಗೂ ಹೋಗಲಿಲ್ಲ. ಆಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ನಿಮಗೆ ನಾಲ್ಕು ಕಾಗದ ಬರೆದೆ, ಒಂದನ್ನೂ ಕಳಿಸಲಿಲ್ಲ. ಎರಡು ತಿಂಗಳ ಮೌನ ಅದು. ಐದು ವರ್ಷಕ್ಕೆ ಎರಡು ತಿಂಗಳು ಹೆಚ್ಚೇನಲ್ಲ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಬೇಕೆಂದು ಇವತ್ತು ಬೆಳಿಗ್ಗೆ ಕೂತೆ. ಕೈ ಬರಲಿಲ್ಲ. ಸುಳ್ಳು ಬರೆಯುವುದು ಬೇಡ. ಮುಂದೆ ಯಾವಾಗಲಾದರೂ ಬರಬಹುದು, ಬಾರದೆಯೂ ಇರಬಹುದು. ನಿಮ್ಮನ್ನು ಒಳ್ಳೆಯವರು ಎಂದು ಐದು ವರ್ಷ ಎಲ್ಲರ ಹತ್ತಿರ ಹೇಳಿದ್ದೇನಲ್ಲ, ಅದೇ ನನಗೆ ಈಗಲೂ ಚುಚ್ಚುವುದು. ಆದರೆ ನೀವಾಗಿ ಹೇಳದಿದ್ದರೆ ನನಗೆ ಸಾಯುವ ತನಕ ಗೊತ್ತಾಗುತ್ತಿರಲಿಲ್ಲ, ಅದನ್ನೂ ಯೋಚಿಸುತ್ತೇನೆ.

ಕೋಫಿ ಹೇಳಿದ್ದರ ಅರ್ಥ ನಿಮಗೂ ಗೊತ್ತಿರಲಿ. "ಮದಾಮ್, ಅದು ನೀವಾಗಿರಲಿಲ್ಲ. ನಿಮಗೆ ಶಾಪ ಹಾಕಿದ್ದೆ. ನನ್ನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ನನ್ನ ಅಮ್ಮನಿಗೆ ನಿಮ್ಮ ದನಿ ಇಷ್ಟವಿತ್ತು." ಒಂದಕ್ಷರವೂ ತಪ್ಪಿಲ್ಲದೆ ಬರೆದುಕೊಂಡಿದ್ದೀರಿ. ಅವನಿಗೆ ನಾನೇ ಉತ್ತರ ಬರೆದಿದ್ದೇನೆ. ಈ ಲಕೋಟೆಯಲ್ಲಿ ಇನ್ನೊಂದು ಸಣ್ಣ ಲಕೋಟೆ ಇದೆ, ನೀವು ಅಲ್ಲಿಂದ ಹೊರಡುವ ಮೊದಲು ಅಲ್ ಥುಮಾಮಾಕ್ಕೆ ಹೋಗಿ ಕೊಡಿ. ಪಾಲಿಮೆಯ ತಾಯಿ ಬದುಕಿದ್ದಾರೆಯೇ ಎಂದು ಅವನಿಗೆ ಕೇಳಿದ್ದೇನೆ.

ಊರಿಗೆ ಬಂದ ಮೇಲೆ ಶಿರ್ವಕ್ಕೆ ಬರಬೇಕೋ ಬೇಡವೋ ಎಂದು ನೀವು ಕೇಳಲಿಲ್ಲ. ಬನ್ನಿ. ಜೋಆನ್ ಊಟಕ್ಕೆ ಹಾಕುತ್ತಾಳೆ. ನಾನು ಹೆಚ್ಚು ಮಾತಾಡದಿದ್ದರೆ ತಪ್ಪು ತಿಳಿಯಬೇಡಿ.

ಹದಿಮೂರು ಪುಟ ಒಲೆಗೆ ಹಾಕಲಿಲ್ಲ. ಅದು ಇಂಗ್ಲಿಷಿಗೆ ಹೋಗಿ ಅಲ್ಲಿಂದ ಫ್ರೆಂಚಿಗೆ ಬರುವುದು ಬೇಕಾಗಿಲ್ಲ. ನೇರ ಕನ್ನಡದಿಂದ ಮಾಡುತ್ತಿದ್ದೇನೆ. ಶಾಲೆ ಬಿಟ್ಟು ಬಂದ ಮೇಲೆ ದಿನಕ್ಕೆ ಒಂದು ಪುಟ. ಮೊದಲ ದಿನ ಬಾಗಿಲು ಎಂಬ ಶಬ್ದವೇ ನೆನಪಾಗದೆ ಒದ್ದಾಡಿದೆ. ಈಗ ಪರವಾಗಿಲ್ಲ. ಮುಗಿದ ಮೇಲೆ ಕೋಫಿಗೆ ಒಂದು ಪ್ರತಿ, ಬಕಾರಿ ಸಾಹೇಬರ ಮಕ್ಕಳಿಗೆ ಒಂದು, ನದೀನ್ ಮೇಡಂ ಅವರಿಗೂ ಒಂದು ಕಳಿಸುತ್ತೇನೆ.

ಹನ್ನೊಂದು ಪುಟ ಆಗಿದೆ. ನಾಳೆಯಿಂದ ಹನ್ನೆರಡನೆಯದು. ನೀವು ಹೇಗೆ ಬರೆದಿದ್ದೀರೋ ಹಾಗೆಯೇ ಬರೆಯುತ್ತೇನೆ, ಸೀನಣ್ಣ. ಒಂದು ಶಬ್ದವನ್ನೂ ಮೆತ್ತಗೆ ಮಾಡುವುದಿಲ್ಲ.

ರೆಜಿನಾ